ಅಧಿಕಾರವಿಲ್ಲದ ಮುಖಂಡ, ಮುಂದೆ ಹೋಗುತ್ತಲೇ ಇದ್ದ ದಿನ: ಮೌಂಟ್ ಹೇಗನ್‌ನ ಒಂದು ಮೋಕ ಪ್ರಕರಣ

ಮೋಕ ಎಂದರೆ ಒಂದು ಗುಂಪು ಇನ್ನೊಂದು ಗುಂಪಿಗೆ ಹಂದಿ ಮುಂತಾದವನ್ನು ಕೊಟ್ಟು ಹೆಸರು ಗಳಿಸುವ ಪದ್ಧತಿ. ಈ ಪ್ರಕರಣ ನಡೆದದ್ದು ಪಪುವಾ ನ್ಯೂಗಿನಿಯ ಪಶ್ಚಿಮ ಎತ್ತರನಾಡಿನಲ್ಲಿ, ಮೌಂಟ್ ಹೇಗನ್ ಪಟ್ಟಣದ ಆಸುಪಾಸಿನ ಕಣಿವೆಗಳಲ್ಲಿ. ಕಾಲ 1970ರ ದಶಕದ ಮೊದಲರ್ಧ. ದೇಶಕ್ಕೆ ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ, ಆಸ್ಟ್ರೇಲಿಯಾದ ಆಡಳಿತ ಗಂಟುಮೂಟೆ ಕಟ್ಟುತ್ತಿತ್ತು. 1964ರಿಂದ ಅಲ್ಲಿಗೆ ಹೋಗಿಬಂದು ಮಾಡುತ್ತಿದ್ದ, ಅಲ್ಲಿನ ಮೆಲ್ಪಾ ಭಾಷೆ ಕಲಿತಿದ್ದ ಬ್ರಿಟಿಷ್ ಮಾನವಶಾಸ್ತ್ರಜ್ಞರೊಬ್ಬರು ಇದನ್ನು ಹತ್ತಿರದಿಂದ ನೋಡಿ ದಾಖಲಿಸಿದರು.

ಈ ಬರಹದಲ್ಲಿ ಜನರ ಹೆಸರು, ಕುಲಗಳ ಹೆಸರು ಬಿಟ್ಟಿದ್ದೇನೆ. ಕೊಡಲು ಹೊರಟವನನ್ನು ಮುಖಂಡ ಎಂದೂ, ಪಡೆಯಬೇಕಾದವನನ್ನು ಪಾಲುದಾರ ಎಂದೂ, ಅಡ್ಡ ಬಂದವನನ್ನು ಎದುರಾಳಿ ಎಂದೂ ಕರೆಯುತ್ತೇನೆ. ನನಗೆ ಕುತೂಹಲ ಇರುವುದು ಒಂದೇ ಪ್ರಶ್ನೆಯಲ್ಲಿ. ‘ಮಾಡು’ ಎಂದು ಯಾರಿಗೂ ಆಜ್ಞೆ ಕೊಡಲಾಗದ ಮನುಷ್ಯ, ಬೇರೆಬೇರೆ ಮನೆಯ ನೂರಾರು ಹಂದಿಗಳನ್ನು ಒಂದೇ ದಿನ ಒಂದೇ ಬಯಲಿಗೆ ತರಿಸುವುದು ಹೇಗೆ?

ಹಿನ್ನೆಲೆ

ಹೇಗನ್ ಸೀಮೆ ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗೂ ಮೇಲಿದೆ. ಚಳಿ, ಮಂಜು, ಒಳ್ಳೆಯ ಮಣ್ಣು. ಇಲ್ಲಿನವರು ಹಳೆಯ ಬೇಸಾಯಗಾರರು. ಇದೇ ಸೀಮೆಯ ಕುಕ್ ಎಂಬ ಜೌಗು ನೆಲದಲ್ಲಿ ಸಾವಿರಾರು ವರ್ಷ ಹಿಂದಿನ ಬೇಸಾಯದ ಕಾಲುವೆಗಳು ಸಿಕ್ಕಿವೆ, 2008ರಲ್ಲಿ ಅದು ಯುನೆಸ್ಕೊ ಪಾರಂಪರಿಕ ತಾಣವೂ ಆಯಿತು. ದಿನದ ಊಟ ಗೆಣಸು. ಹಂದಿಗೂ ಅದೇ ಗೆಣಸು. ಹಾಗಾಗಿ ಯಾರ ಮನೆಯಲ್ಲಿ ಎಷ್ಟು ಹಂದಿ ಎಂದರೆ, ಆ ಮನೆಯ ಹೆಂಗಸರು ಎಷ್ಟು ಗೆಣಸಿನ ಪಾತಿ ಮಾಡಬಲ್ಲರು ಎಂದೇ ಅರ್ಥ.

ರಾಜ ಇಲ್ಲ, ಪಟ್ಟ ಇಲ್ಲ, ವಂಶದಿಂದ ಬರುವ ಗದ್ದುಗೆ ಇಲ್ಲ. ದೊಡ್ಡ ಮನುಷ್ಯನ ಮಗನಿಗೆ ಶುರುವಿನಲ್ಲಿ ಒಂದಿಷ್ಟು ಅನುಕೂಲ ಇರಬಹುದು, ಅಷ್ಟೇ. ಹೆಸರನ್ನು ಪ್ರತಿಯೊಬ್ಬನೂ ತಾನೇ ಸಂಪಾದಿಸಬೇಕು. ದೇಶದ ಸಂಪರ್ಕ ಭಾಷೆಯಾದ ಟೋಕ್ ಪಿಸಿನ್‌ನಲ್ಲಿ ಹೀಗೆ ಮೇಲೆ ಬಂದವನನ್ನು ‘ಬಿಕ್‌ಮನ್’ ಅನ್ನುತ್ತಾರೆ. 1963ರಲ್ಲಿ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಒಂದು ಲೇಖನದಲ್ಲಿ ಮೆಲನೇಷ್ಯಾದ (ಪಪುವಾ ನ್ಯೂಗಿನಿ, ಫಿಜಿ ಇರುವ ದ್ವೀಪಸೀಮೆ) ಬಿಗ್ ಮ್ಯಾನ್‌ನನ್ನು ಪಾಲಿನೇಷ್ಯಾದ ಒಡೆಯನ ಎದುರು ನಿಲ್ಲಿಸಿ ತೋರಿಸಿದ ಮೇಲೆ ಈ ಮಾತು ಪಠ್ಯಪುಸ್ತಕಗಳಿಗೆಲ್ಲ ಹಬ್ಬಿತು.

ಹೆಸರು ಸಂಪಾದಿಸುವ ದೊಡ್ಡ ದಾರಿಯೇ ಮೋಕ. ಒಂದು ಗುಂಪು ಇನ್ನೊಂದು ಗುಂಪಿಗೆ ಜೀವಂತ ಹಂದಿ, ಮುತ್ತಿನ ಚಿಪ್ಪು ಕೊಡುತ್ತದೆ. ವರ್ಷಗಳಾದ ಮೇಲೆ ಪಡೆದವರು ತಿರುಗಿ ಕೊಡಬೇಕು, ಅದೂ ಜಾಸ್ತಿ ಕೊಡಬೇಕು. ಪಡೆದಷ್ಟನ್ನೇ ಕೊಟ್ಟರೆ ಸಾಲ ತೀರಿತು ಅಷ್ಟೇ, ಮೋಕ ಆಗಲಿಲ್ಲ. ಆ ಮೇಲಿನ ಹೆಚ್ಚುವರಿಯೇ ಮೋಕ. ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಮಾಡಿದವರ ಹೆಸರು, ಮೊತ್ತ ಬರೆದಿಟ್ಟು, ಅವರ ಮನೆ ಕಾರ್ಯಕ್ಕೆ ಒಂದು ಕೈ ಜಾಸ್ತಿಯೇ ಮಾಡುತ್ತೇವಲ್ಲ, ಅದೇ ಲೆಕ್ಕವನ್ನು ಇಡೀ ಕುಲದ ಮಾನದ ಪ್ರಶ್ನೆ ಮಾಡಿದರೆ ಹೇಗಿರುತ್ತದೋ ಹಾಗೆ. ಒಂದು ವ್ಯತ್ಯಾಸ ಇದೆ. ಮೋಕದ ಬೇರು ಯುದ್ಧದಲ್ಲಿದೆ. ಸತ್ತವರಿಗೆ ಪರಿಹಾರ ಕೊಡುವುದರಿಂದ ಶುರುವಾಗಿ ಬೆಳೆದದ್ದು ಇದು. ಹಾಗಾಗಿ ಮೋಕದ ಪಾಲುದಾರರು ಅನೇಕ ಸಲ ಹಿಂದೆ ಬಡಿದಾಡಿಕೊಂಡವರೇ ಆಗಿರುತ್ತಾರೆ.

ಲೆಕ್ಕ ಇಡಲು ಪುಸ್ತಕ ಇರಲಿಲ್ಲ, ‘ಓಮಕ್’ ಇತ್ತು. ಬಿದಿರಿನ ಸಣ್ಣ ಕಡ್ಡಿಗಳನ್ನು ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ಪೋಣಿಸಿ ಗಂಡಸರು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಎಂಟೋ ಹತ್ತೋ ಚಿಪ್ಪುಗಳ ಒಂದು ಮೋಕ ಕೊಟ್ಟರೆ ಒಂದು ಕಡ್ಡಿ. ಹೆಸರು ಮಾಡಿದವನ ಓಮಕ್ ಗಲ್ಲದಿಂದ ಹೊಟ್ಟೆಯವರೆಗೆ ಇಳಿಯುತ್ತಿತ್ತು. ಗಮನಿಸಿ, ಅದರಲ್ಲಿ ಪಡೆದದ್ದರ ಲೆಕ್ಕ ಇಲ್ಲ. ಕೊಟ್ಟದ್ದರ ಲೆಕ್ಕ ಮಾತ್ರ.

ಚಿಪ್ಪಿನ ಕಥೆಯನ್ನೂ ಇಲ್ಲಿ ಹೇಳಿಬಿಡಬೇಕು. ಅದಿಲ್ಲದಿದ್ದರೆ ನಮ್ಮ ಮುಖಂಡ ಮುಂದೆ ಹಂದಿಯ ಜೊತೆ ಟ್ರಕ್ ಕೂಡ ಕೊಡಲು ಯಾಕೆ ಹೊರಟ ಎನ್ನುವುದು ತಿಳಿಯುವುದಿಲ್ಲ. ಈ ಚಿಪ್ಪುಗಳು ದೂರದ ಕಡಲತೀರದಿಂದ ಕೈಯಿಂದ ಕೈಗೆ ದಾಟಿ ಬರಬೇಕಿತ್ತು. ಬಂದವು ಕೆಲವೇ ಕೆಲವು ಹಿರಿಯರ ಕೈ ಸೇರುತ್ತಿದ್ದವು. 1933ರಲ್ಲಿ ಬಂಗಾರ ಹುಡುಕುವ ಲೇಹಿ ಸಹೋದರರು ಮತ್ತು ಸರ್ಕಾರಿ ಅಧಿಕಾರಿ ಜಿಮ್ ಟೇಲರ್ ಕಣಿವೆಗೆ ಬಂದರು, ವಿಮಾನ ಇಳಿಯಿತು. ಆಹಾರಕ್ಕೆ, ಹಂದಿಗೆ, ಕೂಲಿಗೆ ಅವರು ಕೊಟ್ಟದ್ದು ಚಿಪ್ಪು. ಮುಂದೆ ಆಡಳಿತ, ಮಿಷನ್‌ಗಳೂ ಅದನ್ನೇ ವಿಮಾನದಲ್ಲಿ ತರಿಸಿದವು. ಕೂಲಿ ಮಾಡಿದ ಹುಡುಗನ ಕೈಗೂ ಚಿಪ್ಪು ಬಂತು. ಚಿಪ್ಪಿನ ಬೆಲೆ ಬಿತ್ತು, ಹಿರಿಯರ ಹಿಡಿತವೂ ಸಡಿಲವಾಯಿತು. ಹಿರಿಯರು ಇದಕ್ಕೆ ಕೈಕಟ್ಟಿ ಕೂರಲಿಲ್ಲ, ಮೋಕವನ್ನೇ ಇನ್ನಷ್ಟು ದೊಡ್ಡದು ಮಾಡಿದರು. 1970ರ ಹೊತ್ತಿಗೆ ಚಿಪ್ಪು ಹಿಂದೆ ಸರಿದು ಕಾಫಿ ದುಡ್ಡು ಆ ಜಾಗಕ್ಕೆ ಬರುತ್ತಿತ್ತು.

ಸಮಸ್ಯೆ

ಮುಖಂಡ ಹಿಂದೊಮ್ಮೆ ಪಾಲುದಾರನಿಂದ ಸುಮಾರು 400 ಹಂದಿ ಪಡೆದಿದ್ದ. ಈಗ ತಿರುಗಿ ಕೊಡುವ ಸರದಿ. ಆತ ಮನಸ್ಸಿನಲ್ಲಿ ಇಟ್ಟುಕೊಂಡ ಲೆಕ್ಕ ದೊಡ್ಡದು: 600 ಹಂದಿ, ಜೊತೆಗೆ ಕೆಲವು ಹಸು, ಕ್ಯಾಸೋವರಿ ಹಕ್ಕಿಗಳು, 10,000 ಆಸ್ಟ್ರೇಲಿಯನ್ ಡಾಲರ್, ಒಂದು ಮೋಟಾರ್‌ಬೈಕ್, ಒಂದು ಟ್ರಕ್. ಆ ಕಣಿವೆ ಅದುವರೆಗೆ ಕಂಡ ಮೋಕಗಳಲ್ಲೆಲ್ಲ ಇದೇ ದೊಡ್ಡದಾಗಬೇಕು ಎನ್ನುವುದು ಆತನ ಆಸೆ.

ಆ 600 ಹಂದಿ ಎಲ್ಲಿವೆ? ಆತನ ದೊಡ್ಡಿಯಲ್ಲಂತೂ ಇಲ್ಲ. ಆತನಿಗೆ ಒಬ್ಬಳಿಗಿಂತ ಹೆಚ್ಚು ಹೆಂಡತಿಯರು. ಎಲ್ಲರೂ ಸೇರಿ ಸಾಕಿದರೂ ಒಂದು ಮನೆಯಲ್ಲಿ ಆಗುವ ಹಂದಿಗೆ ಮಿತಿ ಇದೆ. ಉಳಿದವು ತಮ್ಮಂದಿರ ಮನೆಯಲ್ಲಿ, ಭಾವ ಮೈದುನರ ಮನೆಯಲ್ಲಿ, ಬೇರೆ ಕುಲದ ಸಾಲಗಾರರ ಮನೆಯಲ್ಲಿ ಚದುರಿಕೊಂಡಿವೆ. ಪ್ರತಿ ಹಂದಿಗೂ ಒಬ್ಬ ಯಜಮಾನ, ಅದನ್ನು ಸಾಕಿದ ಒಬ್ಬ ಹೆಂಗಸು. ಅವರಿಗೂ ಅವರವರ ತಾಪತ್ರಯ. ಮಗನಿಗೆ ಹೆಣ್ಣು ತರಬೇಕು, ವಧುದಕ್ಷಿಣೆಗೆ ಹಂದಿ ಬೇಕು. ಸಾವಾದರೆ ಹಂದಿ ಕಡಿಯಬೇಕು. ಬೇರೆ ಕಡೆಯ ಸಾಲ ತೀರಿಸಬೇಕು.

ಇಲ್ಲಿಯೇ ಇಡೀ ಪ್ರಕರಣದ ಗಂಟು ಇರುವುದು. ಮೋಕ ಬೇಗ ಇಟ್ಟರೆ ಹಂದಿ ಸಾಲುವುದಿಲ್ಲ. ತಡ ಮಾಡಿದರೆ ಇದ್ದ ಹಂದಿಯೂ ಮದುವೆ, ತಿಥಿ, ರೋಗ ಎಂದು ಕರಗುತ್ತವೆ. ಹಂದಿ ತಿನ್ನುವ ಗೆಣಸನ್ನು ಹೊತ್ತು ತರುವ ಹೆಂಗಸರ ಬೆನ್ನು ಮುರಿಯುತ್ತದೆ. ಇದು ಸಾಲದು ಎಂಬಂತೆ ಒಂದೇ ಕುಲದೊಳಗೆ ಒಬ್ಬೊಬ್ಬ ಹಿರಿಯನ ಲೆಕ್ಕ ಒಂದೊಂದು. ಒಬ್ಬನಿಗೆ ಮುಂದಿನ ತಿಂಗಳು ಅನುಕೂಲ, ಇನ್ನೊಬ್ಬನಿಗೆ ಮುಂದಿನ ವರ್ಷ. ಮುಂದಿನ ವರ್ಷ ಅನ್ನುವವನಿಗೆ ನಿಜಕ್ಕೂ ಹಂದಿ ಸಾಲದೆ ಇರಬಹುದು, ಅಥವಾ ಮುಖಂಡನ ಹೆಸರು ಅಷ್ಟು ಎತ್ತರಕ್ಕೆ ಏರುವುದು ಬೇಡವಾಗಿರಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಏನೇನು ಮಾಡಿದ

ಮುಖಂಡ ಮಾಡಿದ ಕೆಲಸದ ಬಹುಪಾಲು ನಡಿಗೆ ಮತ್ತು ಮಾತು. ಮನೆಯಿಂದ ಮನೆಗೆ, ಬೆಟ್ಟ ಹತ್ತಿ ಇಳಿದು. ‘ನಿನ್ನ ಹಂದಿ ಎಷ್ಟು, ಯಾವಾಗ ತರುತ್ತೀಯ’ ಎಂದು ನೇರವಾಗಿ ಕೇಳುವಂತಿಲ್ಲ. ಕೇಳಿದರೆ ‘ಇಲ್ಲ’ ಎನ್ನುವ ಉತ್ತರವೂ ನೇರವಾಗಿಯೇ ಬರುತ್ತದೆ. ಹೇಗನ್‌ನ ಹಿರಿಯರು ಇಂಥ ಹೊತ್ತಿನಲ್ಲಿ ಮುಸುಕಿನ ಮಾತಿನಲ್ಲಿ ಪಳಗಿದವರು. ಮರ, ಹೊಳೆ, ಹಕ್ಕಿ ಎಂದು ಏನನ್ನೋ ಹೇಳುತ್ತಾರೆ, ಕೇಳುವವರಿಗೆ ಅದು ಯಾರ ಮೇಲಿನ ಕಲ್ಲು ಎಂದು ಗೊತ್ತಿರುತ್ತದೆ. ಆತ ಹೊಗಳಿದ, ನಾಚಿಸಿದ, ರೇಗಿದ. ಹಂದಿ ಕೊಡದೆ ಎಳೆದಾಡುವವರ ಬಗ್ಗೆ ಗೊಣಗಿದ. ಮೋಕ ಅಂದರೆ ಏನು ಕಷ್ಟ ಗೊತ್ತಾ ಎಂದು ಬಂದವರ ಮುಂದೆಲ್ಲ ಹೇಳಿಕೊಂಡ.

ಎರಡನೆಯದು ಟ್ರಕ್ ಸೇರಿಸುವ ತೀರ್ಮಾನ. ನನ್ನ ಮಟ್ಟಿಗೆ ಇದು ಇಡೀ ಪ್ರಕರಣದ ಜಾಣ ನಡೆ. ಪಾಲುದಾರ ಆ ಹೊತ್ತಿಗೆ ಶಾಸನಸಭೆಗೆ ಆರಿಸಿಹೋಗಿದ್ದವನು. ಪಟ್ಟಣ, ಕಚೇರಿ, ವಾಹನ ಕಂಡವನು. ಅಂಥವನನ್ನು ಬರೀ ಹಂದಿಯಿಂದ ತಲೆ ತಗ್ಗಿಸುವಂತೆ ಮಾಡುವುದು ಕಷ್ಟ. ಟ್ರಕ್ಕಿಗೆ ಬೇಕಾದದ್ದು ದುಡ್ಡು, ದುಡ್ಡು ಇದ್ದದ್ದು ಕಾಫಿ ಬೆಳೆದ ಮನೆಗಳಲ್ಲಿ. ಹಂದಿ ಕೊಡಲಾಗದ ಕುಲದವನೂ ದುಡ್ಡು ಹಾಕಿ ಮೋಕದಲ್ಲಿ ಪಾಲು ಪಡೆಯಬಹುದಾಯಿತು. ಟ್ರಕ್ ಬಂದದ್ದರಿಂದ ಕೊಡುಗೆಯ ತೂಕ ಹೆಚ್ಚಿತು, ಕೊಡುವವರ ಸಂಖ್ಯೆಯೂ ಹೆಚ್ಚಿತು.

ಮೂರನೆಯದು ದಿನ ಗೊತ್ತುಮಾಡುವುದು. ‘ಇಂಥ ದಿನ’ ಎಂದು ಮುಖಂಡ ಘೋಷಿಸುವುದಕ್ಕೆ ಬೆಲೆ ಇಲ್ಲ. ಕುಲದ ಹಿರಿಯರು ಕೂತು ಮಾತಾಡಿ, ಒಬ್ಬೊಬ್ಬರಾಗಿ ತಮ್ಮ ಗೂಟಗಳನ್ನು ಬಯಲಿನಲ್ಲಿ ನೆಟ್ಟ ಮೇಲಷ್ಟೇ ದಿನಕ್ಕೆ ಜೀವ. ಒಂದು ಗೂಟಕ್ಕೆ ಒಂದು ಹಂದಿ. ಗೂಟದ ಸಾಲು ಎಲ್ಲರ ಕಣ್ಣ ಮುಂದೆ ಇರುವ ಮಾತು: ನಾನು ಇಷ್ಟು ತರುತ್ತೇನೆ. ತರದೆ ಹೋದರೆ ಖಾಲಿ ಗೂಟವೂ ಎಲ್ಲರಿಗೂ ಕಾಣುತ್ತದೆ. ಜನ ಮಾತಿಗೆ ತಪ್ಪದಂತೆ ನೋಡಿಕೊಳ್ಳಲು ಪೊಲೀಸು, ಕೋರ್ಟು ಇಲ್ಲದ ಕಡೆ ಇದು ಸಣ್ಣ ವ್ಯವಸ್ಥೆಯಲ್ಲ.

ತಿರುವು

ಎಲ್ಲ ಕೂಡಿಬರುತ್ತಿದೆ ಅನ್ನುವಾಗ ಪಕ್ಕದ ಗುಂಪಿನ ಒಬ್ಬ ದೊಡ್ಡ ಮನುಷ್ಯ ಸತ್ತ. ಅಲ್ಲಿ ದೊಡ್ಡವರ ಸಾವನ್ನು ಜನ ಸುಮ್ನೆ ಸಾವು ಎಂದು ಒಪ್ಪುವುದು ಅಪರೂಪ. ಯಾರೋ ಮಾಟ ಮಾಡಿಸಿರಬೇಕು. ಯಾರು? ಗಾಳಿಸುದ್ದಿ ಮುಖಂಡನ ಕಡೆಗೆ ಬೆರಳು ತೋರಿಸಿತು. ಎದುರಾಳಿಯೇ ಹೊಟ್ಟೆಕಿಚ್ಚಿನಿಂದ ಈ ಸುದ್ದಿ ಹಬ್ಬಿಸಿದ, ಮೋಕ ಮುರಿಯುವುದೇ ಅವನ ಉದ್ದೇಶ ಎಂದು ಮುಖಂಡನ ದೂರು. ಅದು ಮುಖಂಡನ ಮಾತು ಎಂಬುದನ್ನು ಓದುವವರು ನೆನಪಿಟ್ಟುಕೊಂಡರೆ ಒಳ್ಳೆಯದು. ಇಂಥ ಸುದ್ದಿಯ ಬೇರು ಹುಡುಕಿ ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಸುದ್ದಿ ನಿಜವೋ ಸುಳ್ಳೋ, ಅದರ ಕೆಲಸ ಅದು ಮಾಡಿತು. ಸತ್ತವನ ಕಡೆಯವರು ಸೇಡಿಗೆ ಬರಬಹುದು ಎಂಬ ಹೆದರಿಕೆ ಹುಟ್ಟಿತು. ಗಂಡಸರು ಆಯುಧ ಹಿಡಿದು ಕಾವಲು ನಿಂತರು. ಇಂಥ ಹೊತ್ತಿನಲ್ಲಿ ಗರಿ ಕಟ್ಟಿಕೊಂಡು, ಮೈಗೆ ಬಣ್ಣ ಬಳಿದುಕೊಂಡು, ನೂರಾರು ಹಂದಿಗಳನ್ನು ಹೊಡೆದುಕೊಂಡು ಬಯಲಿಗೆ ಹೋಗುವುದು ಹುಚ್ಚು. ಯಾರಾದರೂ ಒಬ್ಬ ಕೈ ಎತ್ತಿದರೆ ಮೋಕ ಹೋಗಿ ಯುದ್ಧ ಆಗುತ್ತದೆ.

ಮುಖಂಡನ ಮುಂದೆ ಎರಡು ದಾರಿ. ಹಟ ಹಿಡಿದು ದಿನ ಬದಲಿಸದೆ ನಡೆಸುವುದು: ನಡೆಸಿದರೆ ಗಂಡೆದೆ ಎಂದು ಹೆಸರು ಬರಬಹುದು. ಇಲ್ಲವೇ ಮುಂದೆ ಹಾಕುವುದು: ಹಾಕಿದರೆ ಎದುರಾಳಿ ಗೆದ್ದಂತೆ ಕಾಣುತ್ತದೆ, ಹಂದಿ ಕಟ್ಟಿಕೊಂಡು ಕೂತವರು ಗೊಣಗುತ್ತಾರೆ, ಕೆಲವರು ತಮ್ಮ ಹಂದಿಯನ್ನು ಬೇರೆ ಕಡೆ ಕೊಟ್ಟೂಬಿಡುತ್ತಾರೆ. ಆತ ಮುಂದೆ ಹಾಕಿದ. ಹಾಕಿ, ಮತ್ತೆ ನಡೆಯಲು, ಮಾತಾಡಲು ಶುರುಮಾಡಿದ.

ಈ ಪ್ರಕರಣದ ಬಗ್ಗೆ ಬರೆಯುವವರು ಈ ಕಾಯುವ ದಿನಗಳನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಗರಿ, ಕುಣಿತ, ಹಂದಿಯ ಸಾಲು ಚೆನ್ನಾಗಿ ಕಾಣುತ್ತದೆ, ಕಾಯುವುದು ಕಾಣುವುದಿಲ್ಲ ಅಲ್ವಾ. ಆದರೆ ನಾಯಕತ್ವ ಪರೀಕ್ಷೆಗೆ ಬಿದ್ದದ್ದು ಇಲ್ಲೇ. ದಿನ ಮುಂದೆ ಹೋದ ಮೇಲೂ ಜನ ಹಂದಿಯನ್ನು ಮಾರದೆ, ಕಡಿಯದೆ, ಬೇರೆಯವರಿಗೆ ಕೊಡದೆ ಇಟ್ಟುಕೊಂಡರೆ, ಅವರು ಆತನನ್ನು ನಂಬಿದ್ದಾರೆ ಎಂದರ್ಥ. ಆ ನಂಬಿಕೆಗೆ ಬೇರೆ ಅಳತೆಗೋಲು ಇಲ್ಲ.

ಏನಾಯಿತು

ಕೊನೆಗೆ 1974ರಲ್ಲಿ ಮೋಕ ನಡೆಯಿತು. ಗೂಟದ ಸಾಲಿಗೆ ಹಂದಿಗಳನ್ನು ಕಟ್ಟಿದರು. ಕೊಡುವ ಕಡೆಯ ಗಂಡಸರು ಸಾಲಿನ ಉದ್ದಕ್ಕೂ ಓಡುತ್ತ ಎಣಿಸಿದರು. ಮೆಲ್ಪಾದವರು ಎರಡೂ ಕೈಯ ನಾಲ್ಕು ನಾಲ್ಕು ಬೆರಳು ಮಡಚಿ ಎಂಟು, ಹೆಬ್ಬೆರಳೂ ಸೇರಿಸಿ ಹತ್ತು ಎಂದು ಎಣಿಸುವವರು. ಹಸುಗಳಿದ್ದವು, ಕ್ಯಾಸೋವರಿಗಳಿದ್ದವು, ದುಡ್ಡಿತ್ತು. ಟ್ರಕ್ ಮತ್ತು ಮೋಟಾರ್‌ಬೈಕ್ ಕೂಡ ಬಯಲಿಗೆ ಬಂದವು. ಮುಖಂಡ ಮಾತಿಗೆ ನಿಂತ. ಇಷ್ಟು ಕೊಟ್ಟು ನಿಮ್ಮನ್ನು ಕೆಳಗೆ ಕೆಡವಿದ್ದೇನೆ, ಗೆದ್ದವನು ನಾನು ಎಂಬ ಅರ್ಥದ ಮಾತು ಅದು.

ಮೊದಲ ಸಲ ಓದಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಟ್ರಕ್ ಹತ್ತಿ ಹೋದವನು ಸೋತ, ಬರಿಗೈಯಲ್ಲಿ ಮನೆಗೆ ನಡೆದವನು ಗೆದ್ದ. ಆದರೆ ಪಾಲುದಾರನೂ ಕಳೆದುಕೊಂಡದ್ದೇನಿಲ್ಲ. ಬಂದ ಹಂದಿಗಳನ್ನು ಆತ ತನ್ನ ಕಡೆಯವರಿಗೆ ಹಂಚುತ್ತಾನೆ. ಅವರು ಆತನಿಗೆ ಸಾಲಗಾರರಾಗುತ್ತಾರೆ. ಇನ್ನು ಆತ ಶುರುಮಾಡಬೇಕು, ಮನೆಯಿಂದ ಮನೆಗೆ ನಡೆಯಲು.

ಇದರಿಂದ ಕಲಿಯಬಹುದಾದದ್ದು

ಮೆಲನೇಷ್ಯಾದ ನಾಯಕನಿಗೆ ಅಧಿಕಾರವಿಲ್ಲ, ಬರೀ ಪ್ರಭಾವ ಮಾತ್ರ ಎಂದು ಬರೆದು ಮುಗಿಸುವ ರೂಢಿ ಇದೆ. ಈ ಪ್ರಕರಣ ಓದಿದರೆ ಆ ಮಾತು ಅರ್ಧ ಎಂದು ಗೊತ್ತಾಗುತ್ತದೆ. ಆತ ಆಜ್ಞೆ ಮಾಡಲಾರ, ನಿಜ. ಆದರೆ ಯಾರ ಹಂದಿ ಎಲ್ಲಿದೆ, ಯಾರಿಗೆ ಯಾರು ಬಾಕಿ, ಯಾರ ಮಗಳ ಮದುವೆ ಯಾವಾಗ ಎನ್ನುವುದೆಲ್ಲ ಆತನ ತಲೆಯಲ್ಲಿ ಕೂತಿದೆ. ಬೇರೆಬೇರೆ ಮನೆಗಳ ಬೇರೆಬೇರೆ ಕಾಲವನ್ನು ಒಂದು ದಿನಕ್ಕೆ ತಂದು ಸೇರಿಸುವುದು ಆತನ ಕಸುಬು. ಎದುರಾಳಿಗೂ ಇದು ಗೊತ್ತು. ಆತ ಹಂದಿ ಕದಿಯಲಿಲ್ಲ, ಬಯಲಿಗೆ ಬೇಲಿ ಹಾಕಲಿಲ್ಲ. ಮುಖಂಡನ ದೂರು ನಿಜವಾದರೆ, ಆತ ಹೊಡೆದದ್ದು ದಿನಕ್ಕೆ.

ಹೆಂಗಸರ ಕಡೆಯಿಂದ ನೋಡಿದರೆ ಇದೇ ಕಥೆ ಬೇರೆಯಾಗುತ್ತದೆ. ಹೇಗನ್‌ನಲ್ಲೇ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಮರಿಲಿನ್ ಸ್ಟ್ರಾಥರ್ನ್ ಇದನ್ನು ಎತ್ತಿ ತೋರಿಸಿದರು: ಹೆಂಗಸರು ಬೆಳೆಸುವವರು, ಗಂಡಸರು ಕೊಟ್ಟು ತರುವವರು ಎಂದು ಅಲ್ಲಿನವರೇ ಗೆರೆ ಎಳೆಯುತ್ತಾರೆ, ಹೆಸರು ಬರುವುದು ಕೊಟ್ಟವರಿಗೆ. ಆದರೂ ಹೆಂಡತಿ ಮುನಿಸಿಕೊಂಡು ತವರಿಗೆ ಹೋದರೆ ಹಂದಿಗೆ ಗೆಣಸು ಹಾಕುವವರಿಲ್ಲ. ಗಂಡನ ಮೋಕದ ದಾರಿಗಳು ಎಷ್ಟೋ ಸಲ ಹೆಂಡತಿಯ ತವರಿನ ಮೂಲಕವೇ ಹಾದುಹೋಗುತ್ತವೆ. ದಿನ ಮುಂದೆ ಹಾಕಿದಾಗ ಹೆಚ್ಚುವರಿ ಗೆಣಸು ಹೊತ್ತವರು ಯಾರು ಎನ್ನುವ ಪ್ರಶ್ನೆ ಕೇಳದೆ ಇದನ್ನು ನಾಯಕತ್ವದ ಪಾಠವಾಗಿ ಓದುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಎಚ್ಚರಿಕೆ. ಈ ಒಂದು ಪ್ರಕರಣ ಇಟ್ಟುಕೊಂಡು ಮೆಲನೇಷ್ಯಾ ಎಂದರೆ ಬಿಗ್ ಮ್ಯಾನ್ ಎಂದು ತೀರ್ಮಾನಿಸಬಾರದು. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಹುಟ್ಟಿನಿಂದ ಬರುವ ಒಡೆತನ ಇದೆ, ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಅದನ್ನು ಮೊದಲ ಮಹಾಯುದ್ಧದ ಕಾಲದಲ್ಲೇ ಅಲ್ಲಿದ್ದು ಅಧ್ಯಯನ ಮಾಡಿದರು. ಫಿಜಿಯಲ್ಲೂ ಹಾಗೆ. ಪೂರ್ವ ಎತ್ತರನಾಡಿನ ಬರುಯಾ ಜನರಲ್ಲಿ ಮದುವೆ ಆಗುವುದು ಹೆಣ್ಣಿಗೆ ಹೆಣ್ಣು ಬದಲಿ ಕೊಟ್ಟು. ಅವರೊಳಗೆ ಹಂದಿ ಕೂಡಿಹಾಕಿ ಹೆಣ್ಣು ತರುವುದು ರೂಢಿಯಲ್ಲ, ಹಾಗಾಗಿ ಸಂಪತ್ತಿನಿಂದ ಮೇಲೇರುವ ಬಿಗ್ ಮ್ಯಾನ್ ಕೂಡ ಇಲ್ಲ. ಅಲ್ಲಿ ಹೆಸರು ಮಾಡುವವರು ಯೋಧರು, ಮಂತ್ರವಾದಿಗಳು, ದೀಕ್ಷೆ ಕೊಡುವವರು ಎಂದು ಫ್ರೆಂಚ್ ಮಾನವಶಾಸ್ತ್ರಜ್ಞ ಮೋರಿಸ್ ಗೊಡೆಲಿಯೆ ತೋರಿಸಿದರು. ಸಾಲಿನ್ಸ್ ಎಳೆದ ಗೆರೆ ಚೊಕ್ಕ ಇದೆ, ನೆಲ ಅಷ್ಟು ಚೊಕ್ಕ ಇಲ್ಲ.

ಕೊನೆಯದು ಚುನಾವಣೆಯ ಮಾತು. 1975ರ ಸೆಪ್ಟೆಂಬರ್ 16ರಂದು ದೇಶ ಸ್ವತಂತ್ರವಾಯಿತು. ಅದೇ ವರ್ಷ ಬಂದ ಹೊಸ ನಾಣ್ಯಕ್ಕೆ ಮುತ್ತಿನ ಚಿಪ್ಪಿನ ಹೆಸರನ್ನೇ, ಕಿನಾ ಎಂದು ಇಟ್ಟರು. ದೊಡ್ಡ ಮೋಕಗಳು ಮುಂದಿನ ದಶಕಗಳಲ್ಲಿ ಕಡಿಮೆಯಾದವು, ಸಂಸತ್ತಿನ ಸ್ಪರ್ಧೆ ಜೋರಾಯಿತು. ಕುಲಕ್ಕೊಬ್ಬ ಅಭ್ಯರ್ಥಿ ನಿಂತು ಮತ ಎಷ್ಟು ಒಡೆಯಿತೆಂದರೆ, 2002ರಲ್ಲಿ ಗೆದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶೇಕಡ 20ಕ್ಕೂ ಕಡಿಮೆ ಮತ ಪಡೆದವರು. ಮತದಾರ ಮೂವರನ್ನು ಕ್ರಮವಾಗಿ ಗುರುತು ಮಾಡುವ ಪದ್ಧತಿ 2007ರ ಸಾರ್ವತ್ರಿಕ ಚುನಾವಣೆಗೆ ಬಂದದ್ದು ಇದೇ ಕಾರಣಕ್ಕೆ.

ಇಂದಿನ ಎಂಪಿ ಹಳೆಯ ಬಿಗ್ ಮ್ಯಾನ್‌ನ ಹೊಸ ಅವತಾರ ಎಂದು ಬಹಳ ಜನ ಬರೆಯುತ್ತಾರೆ. ಹಂಚುತ್ತಾನೆ, ಊಟ ಹಾಕುತ್ತಾನೆ, ಟ್ರಕ್ ಕೊಡುತ್ತಾನೆ, ಹೊರಗಿನಿಂದ ಹಾಗೆಯೇ ಕಾಣುತ್ತದೆ. ನಾನು ಒಪ್ಪುವುದಿಲ್ಲ. 2013ರಿಂದ ಪ್ರತಿ ಜಿಲ್ಲೆಗೆ ವರ್ಷಕ್ಕೆ 1 ಕೋಟಿ ಕಿನಾ ಎಂದು ಅಭಿವೃದ್ಧಿ ನಿಧಿ ಗೊತ್ತಾಯಿತು, ಅದರ ಖರ್ಚಿನಲ್ಲಿ ಎಂಪಿಯ ಮಾತು ದೊಡ್ಡದು. ಆ ದುಡ್ಡು ಬರುವುದು ಪೋರ್ಟ್ ಮೊರೆಸ್ಬಿಯ ಖಜಾನೆಯಿಂದ. ನಮ್ಮ ಮುಖಂಡನ 600 ಹಂದಿ ಬಂದದ್ದು ನೂರಾರು ಮನೆಗಳಿಂದ. ‘ಈಗ ಬೇಡ’ ಎಂದು ಹೇಳುವ ಹಕ್ಕು ಆ ಪ್ರತಿಯೊಂದು ಮನೆಗೂ ಇತ್ತು, ಬಹಳ ಮನೆಗಳು ಹೇಳಿದವು ಕೂಡ. ಎಂಪಿಯನ್ನು ಅಧ್ಯಯನ ಮಾಡಲು ಹೊರಟವರು ಆತ ಯಾರಿಗೆ ಎಷ್ಟು ಹಂಚಿದ ಎಂಬ ಪಟ್ಟಿಗೆ ಮೊದಲು, ಹಂಚಿದ್ದು ಯಾರ ಮನೆಯಿಂದ ಬಂತು, ಅವರು ಕೊಡಲ್ಲ ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಲಿ.